ಹಳ್ಳಿ ಶಾಲೆಯ ಕಂಪ್ಯೂಟರ್ ಮಗುವಿನ ಕೈಗೆ ಎಷ್ಟು ನಿಮಿಷ ಸಿಗುತ್ತದೆ?

ಊರಿನ ಸರ್ಕಾರಿ ಪ್ರೌಢಶಾಲೆಗೆ ಹತ್ತು ಕಂಪ್ಯೂಟರ್ ಬಂದಿವೆ ಅಂದುಕೊಳ್ಳಿ. ಎಂಟನೇ ತರಗತಿಯಲ್ಲಿ 40 ಮಕ್ಕಳಿದ್ದಾರೆ. ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಪೀರಿಯಡ್ ಕಂಪ್ಯೂಟರ್‌ಗೆ ಇಟ್ಟಿದ್ದಾರೆ. ಒಂದೊಂದು ಪೀರಿಯಡ್ 40 ನಿಮಿಷ. ಮಕ್ಕಳು ಸಾಲಾಗಿ ಬಂದು, ಚಪ್ಪಲಿ ಹೊರಗೆ ಬಿಟ್ಟು, ಜಾಗ ಹಿಡಿದು ಕೂತು, ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಎಂಟು ನಿಮಿಷ ಹೋಗಿರುತ್ತದೆ. ಉಳಿದದ್ದು 32. ಒಂದು ಕಂಪ್ಯೂಟರ್‌ಗೆ ನಾಲ್ಕು ಮಕ್ಕಳು. ಅಂದರೆ ಒಬ್ಬರ ಕೈಗೆ ಸಿಗುವುದು 8 ನಿಮಿಷ, ವಾರಕ್ಕೆ 16. ಪರೀಕ್ಷೆ, ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಹಬ್ಬದ ರಜೆ ಎಲ್ಲ ಕಳೆದು ವರ್ಷಕ್ಕೆ 30 ವಾರ ಲ್ಯಾಬ್ ನಡೆದರೆ ಒಟ್ಟು 480 ನಿಮಿಷ. ಎಂಟು ಗಂಟೆ.

ಅದೂ ಎಲ್ಲ ಸರಿಯಾಗಿದ್ದರೆ. ಹತ್ತರಲ್ಲಿ ಮೂರು ಕಂಪ್ಯೂಟರ್ ಕೆಟ್ಟಿವೆ, ನಾಲ್ಕು ಪೀರಿಯಡ್‌ಗೆ ಒಂದರಂತೆ ಕರೆಂಟ್ ಇಲ್ಲದೆ ತಪ್ಪಿಹೋಯಿತು ಎಂದಿಟ್ಟುಕೊಳ್ಳಿ. ಆಗ ಲೆಕ್ಕ ನಾಲ್ಕು ಗಂಟೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ. ಇಡೀ ವರ್ಷಕ್ಕೆ!

ಹಳ್ಳಿ ಶಾಲೆಗೆ ಕಂಪ್ಯೂಟರ್ ತರುವ ಮಾತು ಬಂದಾಗಲೆಲ್ಲ ನಾವು ಎಷ್ಟು ಕಂಪ್ಯೂಟರ್ ಬಂತು ಅಂತ ಕೇಳುತ್ತೇವೆ. ಸರ್ಕಾರದ ಲೆಕ್ಕವೂ ಹಾಗೇ ಇದೆ. ಕೇಂದ್ರ ಶಿಕ್ಷಣ ಸಚಿವಾಲಯದ ಶಾಲೆಗಳ ಅಂಕಿಅಂಶ ಕೊಡುವ ಯುಡೈಸ್ ಪ್ಲಸ್ 2023-24ರ ವರದಿಯ ಪ್ರಕಾರ ಆಗ ದೇಶದ 57.2 ಶೇಕಡಾ ಶಾಲೆಗಳಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇತ್ತು, 53.9 ಶೇಕಡಾ ಶಾಲೆಗಳಲ್ಲಿ ಇಂಟರ್ನೆಟ್ ಇತ್ತು. ಈ ಅಂಕಿ ಬೇಕು. ಆದರೆ ಆ ಕಂಪ್ಯೂಟರ್ ಆಫೀಸ್ ರೂಮಿನಲ್ಲಿ ಇದೆಯೋ, ಲ್ಯಾಬ್‌ನಲ್ಲಿ ಇದೆಯೋ, ಮಕ್ಕಳು ಅದನ್ನು ಮುಟ್ಟಿದ್ದಾರೋ ಇಲ್ಲವೋ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಇಲ್ಲಿ ಎಣಿಸಬೇಕಾದದ್ದು ಒಂದೇ: ಒಂದು ಮಗುವಿನ ಕೈಗೆ ಸಿಕ್ಕ ನಿಮಿಷ. ಕರೆಂಟ್, ರಿಪೇರಿ, ಸಾಫ್ಟ್‌ವೇರ್, ಮೇಷ್ಟ್ರ ತರಬೇತಿ, ಎಲ್ಲವನ್ನೂ ಈ ಒಂದು ಲೆಕ್ಕಕ್ಕೆ ಹಿಡಿದು ನೋಡಿದರೆ ವಿಷಯ ತುಂಬ ಸಲೀಸಾಗಿ ಅರ್ಥವಾಗುತ್ತದೆ.

ನಲವತ್ತು ವರ್ಷದ ಪ್ರಯತ್ನ

ಇದು ಹೊಸ ಕೆಲಸ ಅಲ್ಲ. ಭಾರತದ ಶಾಲೆಗಳಿಗೆ ಸರ್ಕಾರದ ಕಡೆಯಿಂದ ಕಂಪ್ಯೂಟರ್ ಬಂದದ್ದು 1984ರಲ್ಲಿ, 'ಕ್ಲಾಸ್' ಎಂಬ ಯೋಜನೆಯಲ್ಲಿ. ಬ್ರಿಟನ್ನಿನ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳನ್ನು ತರಿಸಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಕೊಟ್ಟರು. ನಮ್ಮ ರಾಜ್ಯದಲ್ಲಿ 2001ರ ಹೊತ್ತಿಗೆ 'ಮಾಹಿತಿ ಸಿಂಧು' ಬಂತು. ಸುಮಾರು 1000 ಸರ್ಕಾರಿ ಪ್ರೌಢಶಾಲೆಗಳಲ್ಲಿ ಲ್ಯಾಬ್ ಆಯಿತು. 2004ರಲ್ಲಿ ಕೇಂದ್ರದ 'ಐಸಿಟಿ ಅಟ್ ಸ್ಕೂಲ್' ಯೋಜನೆ ಶುರುವಾಯಿತು.

ಆ ಕಾಲದಲ್ಲಿ ಹೆಚ್ಚು ನಡೆದದ್ದು 'ಬೂಟ್' ಅನ್ನುವ ಪದ್ಧತಿ. ಒಂದು ಖಾಸಗಿ ಕಂಪನಿ ಟೆಂಡರ್ ಹಿಡಿಯುತ್ತದೆ. ಕಂಪ್ಯೂಟರ್ ತಂದು ಕೂರಿಸುತ್ತದೆ, ತನ್ನ ಕಡೆಯಿಂದ ಒಬ್ಬ ಬೋಧಕರನ್ನು ನೇಮಿಸುತ್ತದೆ, ಐದು ವರ್ಷ ನಡೆಸುತ್ತದೆ. ಆಮೇಲೆ ಎಲ್ಲವನ್ನೂ ಶಾಲೆಗೆ ಬಿಟ್ಟು ಹೋಗುತ್ತದೆ. ಕಾಗದದ ಮೇಲೆ ಚೆನ್ನಾಗಿದೆ. ಶಾಲೆಗೆ ಟೆಂಡರ್ ತಲೆನೋವಿಲ್ಲ, ರಿಪೇರಿ ಚಿಂತೆ ಇಲ್ಲ.

ತೊಂದರೆ ಬರುವುದು ಆರನೇ ವರ್ಷ. ಐದು ವರ್ಷ ಲ್ಯಾಬ್ ಒಳಗೆ ಹೋಗಿದ್ದು ಕಂಪನಿಯ ಬೋಧಕ ಮಾತ್ರ. ಅವರ ಸಂಬಳವೂ ಕಮ್ಮಿ, ಕೆಲಸವೂ ಖಾಯಂ ಅಲ್ಲ. ಅವಧಿ ಮುಗಿದ ದಿನ ಅವರು ಹೊರಟರು. ಗಣಿತದ ಮೇಷ್ಟ್ರಿಗೆ, ವಿಜ್ಞಾನದ ಟೀಚರ್‌ಗೆ ಆ ಕೋಣೆ ಯಾವತ್ತೂ ತಮ್ಮದು ಅನ್ನಿಸಿರಲೇ ಇಲ್ಲ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ. ಐದು ವರ್ಷ ಹಳೆಯ ಕಂಪ್ಯೂಟರ್ ಸರಿಯಾಗಿ ಅದೇ ಹೊತ್ತಿಗೆ ಒಂದೊಂದಾಗಿ ಕೆಡುವುದಕ್ಕೆ ಶುರುವಾಗುತ್ತದೆ. ಲ್ಯಾಬ್ ಬಾಗಿಲಿಗೆ ಬೀಗ ಬೀಳುತ್ತದೆ.

ಎರಡು ಅಧ್ಯಯನ, ಎರಡು ಉತ್ತರ

ಕಂಪ್ಯೂಟರ್ ಕೊಟ್ಟರೆ ಮಕ್ಕಳು ಕಲಿಯುತ್ತಾರಾ? ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. ಅವರ ಅಧ್ಯಯನಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಒಂದು ಪೆರು ದೇಶದ್ದು. ಅಲ್ಲಿನ ಸರ್ಕಾರ ಹಳ್ಳಿಗಾಡಿನ ಪ್ರಾಥಮಿಕ ಶಾಲೆಗಳಿಗೆ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟಿತು. ಕೊಟ್ಟ ಶಾಲೆ, ಕೊಡದ ಶಾಲೆ ಸೇರಿ 319 ಶಾಲೆಗಳನ್ನು ಹೋಲಿಸಿದ ಫಲಿತಾಂಶ 2012ರಲ್ಲಿ ಹೊರಬಂತು. ಯೋಚನಾಶಕ್ತಿಯನ್ನು ಅಳೆಯುವ ಪರೀಕ್ಷೆಗಳಲ್ಲಿ ಸ್ವಲ್ಪ ಒಳ್ಳೆಯ ಬದಲಾವಣೆ ಕಂಡಿತು. ಆದರೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಳೆಯುವಷ್ಟು ಸುಧಾರಣೆ ಕಾಣಲಿಲ್ಲ. ಲ್ಯಾಪ್‌ಟಾಪ್ ಮಗುವಿನ ಕೈಯಲ್ಲೇ ಇತ್ತು. ಅದರಲ್ಲಿ ಏನು ಮಾಡಬೇಕು ಅನ್ನುವುದು ಮೇಷ್ಟ್ರಿಗೂ ಸ್ಪಷ್ಟವಿರಲಿಲ್ಲ, ಪಾಠದ ಜೊತೆ ಅದನ್ನು ಹೊಂದಿಸಿಯೂ ಇರಲಿಲ್ಲ.

ಇನ್ನೊಂದು ನಮ್ಮ ದೇಶದ್ದೇ, ಗುಜರಾತಿನ ವಡೋದರಾದ್ದು. ಅದು ನಗರ, ನಿಜ. ಆದರೂ ಪಾಲಿಕೆಯ ಬಡ ಮಕ್ಕಳ ಶಾಲೆಗಳು ಅವು. 2000ದಲ್ಲಿ ಗುಜರಾತ್ ಸರ್ಕಾರ ಅಲ್ಲಿನ 100 ಪ್ರಾಥಮಿಕ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. ಎರಡು ವರ್ಷ ಬಿಟ್ಟು ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಹೋಗಿ ನೋಡಿದರೆ ಅವನ್ನು ಬಳಸುತ್ತಿದ್ದ ಶಾಲೆಗಳು ತೀರಾ ಕಡಿಮೆ. ಪ್ರಥಮ್ ಹೊಸ ಕಂಪ್ಯೂಟರ್ ಕೊಡಿಸುವುದರಿಂದ ಶುರು ಮಾಡಲಿಲ್ಲ. ಆ ಸುತ್ತಿನ ಓದಿದ ಯುವಕ ಯುವತಿಯರಿಗೆ ಐದು ದಿನ ತರಬೇತಿ ಕೊಟ್ಟು ಶಾಲೆಗೆ ಕಳಿಸಿತು. ನಾಲ್ಕನೇ ತರಗತಿ ಮಕ್ಕಳು ವಾರಕ್ಕೆ ಎರಡು ಗಂಟೆ, ಇಬ್ಬರಿಗೊಂದು ಕಂಪ್ಯೂಟರ್‌ನಂತೆ ಕೂತು ಗಣಿತದ ಆಟ ಆಡಿದರು. ಒಂದು ಗಂಟೆ ಶಾಲೆಯ ಹೊತ್ತಿನಲ್ಲಿ, ಇನ್ನೊಂದು ಗಂಟೆ ಶಾಲೆಗೆ ಮೊದಲು ಅಥವಾ ಬಿಟ್ಟ ಮೇಲೆ. ಮಗು ಯಾವ ಮಟ್ಟದಲ್ಲಿದೆಯೋ ಅಲ್ಲಿಂದ ಲೆಕ್ಕ ಏರುತ್ತಾ ಹೋಗುತ್ತದೆ.

ಗಣಿತದ ಅಂಕ ಗಟ್ಟಿಯಾಗಿ ಏರಿತು. ಎರಡನೇ ವರ್ಷ ಮೊದಲ ವರ್ಷಕ್ಕಿಂತ ಜಾಸ್ತಿ ಏರಿತು. ಈ ಅಧ್ಯಯನ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಕೂಡ ಇದ್ದರು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಕಾರ್ಯಕ್ರಮ ಮುಗಿದು ಒಂದು ವರ್ಷವಾದ ಮೇಲೆ ಮತ್ತೆ ಅಳೆದಾಗ ಲಾಭ ಬಹುಪಾಲು ಕರಗಿತ್ತು, ಸ್ವಲ್ಪ ಮಾತ್ರ ಉಳಿದಿತ್ತು. ಇದನ್ನೂ ಅವರು ಮುಚ್ಚಿಡದೆ ಬರೆದಿದ್ದಾರೆ.

ಮೊದಲು ಹಾಕಿದ ಲೆಕ್ಕದ ಜೊತೆ ಇದನ್ನು ಹೋಲಿಸಿ. ವಡೋದರಾದ ಮಗುವಿಗೆ ವಾರಕ್ಕೆ ಎರಡು ಗಂಟೆ ಕಂಪ್ಯೂಟರ್ ಮುಂದೆ ಜಾಗ, ಪಕ್ಕದಲ್ಲಿ ಒಬ್ಬರೇ ಜೊತೆಗಾರರು. ನಮ್ಮ ಮಗುವಿಗೆ 16 ನಿಮಿಷ. ಕಂಪ್ಯೂಟರ್ ಎರಡೂ ಕಡೆ ಇತ್ತು.

ಬೀಗ ಯಾಕೆ ಬೀಳುತ್ತದೆ

ಮುಖ್ಯಶಿಕ್ಷಕರು ಬೀಗ ಹಾಕಿ ಇಟ್ಟಿದ್ದಾರೆ ಅಂತ ದೂರುವುದು ಸುಲಭ. ಅವರ ಕಡೆಯಿಂದ ಒಮ್ಮೆ ನೋಡೋಣ. ಬಂದ ಒಂದೊಂದು ಮೌಸ್ ಕೂಡ ದಾಸ್ತಾನು ವಹಿಯಲ್ಲಿ ಅವರ ಸಹಿಯ ಮೇಲೆ ಏರಿರುತ್ತದೆ. ಕಳುವಾದರೆ ಪೊಲೀಸ್ ಠಾಣೆಗೆ ಓಡಾಡಬೇಕಾದವರು ಅವರೇ. ಬೇಸಿಗೆ ರಜೆಯಲ್ಲಿ ಊರ ಹೊರಗಿನ ಶಾಲೆಯಲ್ಲಿ ಬ್ಯಾಟರಿ, ಮಾನಿಟರ್ ಕಳುವಾಗುವುದು ಅಪರೂಪದ ಸುದ್ದಿ ಏನಲ್ಲ. ವರ್ಗಾವಣೆ ಆದಾಗ, ನಿವೃತ್ತಿ ಆದಾಗ ಚಾರ್ಜ್ ಕೊಡುವ ದಿನ ಎಲ್ಲ ಸಾಮಾನು ಎಣಿಸಿ ಒಪ್ಪಿಸಬೇಕು. ಕೆಟ್ಟದ್ದನ್ನು ವಹಿಯಿಂದ ತೆಗೆಯುವುದಕ್ಕೂ ಮೇಲಿನವರ ಅನುಮತಿ ಬೇಕು. ಹಾಗಿರುವಾಗ ಮಕ್ಕಳು ಮುಟ್ಟಿ ಕೆಡಿಸಿದರೆ ಅವರಿಗೆ ತೊಂದರೆ. ಮುಟ್ಟದೆ ಹಾಗೇ ಹಳೆಯದಾದರೆ ಅವರನ್ನು ಯಾರೂ ಕೇಳುವುದಿಲ್ಲ. ಅವರು ಬೀಗ ಹಾಕುವುದು ಸಹಜ ಅಲ್ವಾ?

ಇದು ಬದಲಾಗಬೇಕಾದರೆ ಬಳಸಿ ಸವೆಯುವುದು ತಪ್ಪಲ್ಲ ಅಂತ ಇಲಾಖೆಯ ಅಧಿಕಾರಿ ಬಾಯಿಬಿಟ್ಟು ಹೇಳಬೇಕು. ತಪಾಸಣೆಗೆ ಬಂದ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) "ಎಷ್ಟು ಇವೆ?" ಅಂತ ಕೇಳುವ ಬದಲು "ನಿನ್ನೆ ಯಾವ ತರಗತಿ ಕೂತಿತ್ತು?" ಅಂತ ಕೇಳಿದರೆ ಸಾಕು, ಅರ್ಧ ಬೀಗ ತೆರೆಯುತ್ತದೆ. ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿ ಒಂದು ಠರಾವು ಮಾಡಿ ಮಕ್ಕಳ ಬಳಕೆಯಲ್ಲಿ ಆದ ಸಣ್ಣಪುಟ್ಟ ರಿಪೇರಿಯನ್ನು ತಾನೇ ನೋಡಿಕೊಳ್ಳುತ್ತೇನೆ ಅಂದರೆ ಮುಖ್ಯಶಿಕ್ಷಕರಿಗೆ ದೊಡ್ಡ ಧೈರ್ಯ.

ಇನ್ನೊಂದು ಕಾರಣವೂ ಇದೆ. ವಿದ್ಯಾರ್ಥಿಗಳ ಮಾಹಿತಿಯ ಎಸ್‌ಎಟಿಎಸ್, ಯುಡೈಸ್, ವಿದ್ಯಾರ್ಥಿವೇತನ, ಬಿಸಿಯೂಟದ ಲೆಕ್ಕ ಎಲ್ಲ ಈಗ ಆನ್‌ಲೈನ್. ಶಾಲೆಯಲ್ಲಿ ಚೆನ್ನಾಗಿ ಓಡುವ ಕಂಪ್ಯೂಟರ್ ಯಾವುದೋ ಅದು ಆಫೀಸಿಗೆ ಹೋಗುತ್ತದೆ. ಕಂಪ್ಯೂಟರ್ ಗೊತ್ತಿರುವ ಮೇಷ್ಟ್ರು ಯಾರೋ ಅವರು ಆ ಕೆಲಸದಲ್ಲೇ ಮುಳುಗುತ್ತಾರೆ. ಹಾಗಾಗಿ ಶಾಲೆಗೆ ಕೊಡುವವರು ಮೊದಲು ಆಫೀಸಿಗೆ ಒಂದನ್ನು ಬೇರೆಯಾಗಿ ಕೊಡುವುದು ಒಳ್ಳೆಯದು. ಲ್ಯಾಬ್‌ನದ್ದು ಲ್ಯಾಬ್‌ನಲ್ಲೇ ಉಳಿಯುತ್ತದೆ.

ಕರೆಂಟು, ಬ್ಯಾಟರಿ, ಧೂಳು

ಡೆಸ್ಕ್‌ಟಾಪ್ ಮತ್ತು ಮಾನಿಟರ್ ಸೇರಿ ಸುಮಾರು 100 ವಾಟ್ ಎಳೆಯುತ್ತವೆ. ಹತ್ತು ಇದ್ದರೆ 1000 ವಾಟ್. ಮನೆಗೆ ಹಾಕುವ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇರುವ ಶಕ್ತಿ 1800 ವಾಟ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬಾಳಿಕೆ ಬರುವುದಿಲ್ಲ. ಹಾಗಾಗಿ ಕೈಗೆ ಸಿಗುವುದು 900. ಇನ್ವರ್ಟರ್‌ನಲ್ಲಿ ಸೋರಿಹೋಗುವುದನ್ನು ಕಳೆದರೆ ಒಂದು ಬ್ಯಾಟರಿಯಲ್ಲಿ ಲ್ಯಾಬ್ ಮುಕ್ಕಾಲು ಗಂಟೆ ನಡೆಯುತ್ತದೆ. ಒಂದು ಪೀರಿಯಡ್ ಅಷ್ಟೇ.

ಅದೇ ಜಾಗದಲ್ಲಿ ಲ್ಯಾಪ್‌ಟಾಪ್ ಇದ್ದರೆ ಒಂದಕ್ಕೆ 30 ವಾಟ್‌ನಂತೆ ಹಿಡಿದರೂ ಹತ್ತಕ್ಕೆ 300. ಅದೇ ಬ್ಯಾಟರಿ ಎರಡೂವರೆ ಗಂಟೆ ಬರುತ್ತದೆ. ಲ್ಯಾಪ್‌ಟಾಪ್‌ನ ಒಳಗಿನ ಬ್ಯಾಟರಿ ಬೇರೆ ಇದೆ. ಹಳ್ಳಿ ಶಾಲೆಗೆ ಸೋಲಾರ್ ಹಾಕಿಸುವ ಯೋಚನೆ ಇದ್ದರಂತೂ ಈ ಒಂದು ಆಯ್ಕೆಯಿಂದಲೇ ಪ್ಯಾನೆಲ್ ಮತ್ತು ಬ್ಯಾಟರಿಯ ಖರ್ಚು ಮೂರರಲ್ಲಿ ಒಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ. ಕಳುವಿನ ಭಯ ಲ್ಯಾಪ್‌ಟಾಪ್‌ಗೆ ಜಾಸ್ತಿ, ಅದು ನಿಜ. ಗೋಡೆಗೆ ಬಿಗಿದ ಕಬ್ಬಿಣದ ಬೀರು ಒಂದನ್ನು ಅದರ ಬಜೆಟ್‌ನಲ್ಲೇ ಸೇರಿಸಬೇಕು.

ಬ್ಯಾಟರಿ ಸಾಯುವುದು ಹೆಚ್ಚಾಗಿ ಬೇಸಿಗೆ ರಜೆಯಲ್ಲಿ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡಿ ಹೋಗುತ್ತಾರೆ. ಸಿಡಿಲು ಹೊಡೆಯುವ ಕಾಲ, ಹಾಗೆ ಮಾಡುವುದು ಸರಿಯೇ. ಆದರೆ ಯುಪಿಎಸ್ ಆನ್ ಉಳಿದಿದ್ದರೆ ಅದು ಸುಮ್ನೆ ಬ್ಯಾಟರಿಯನ್ನು ಹೀರುತ್ತಾ ಇರುತ್ತದೆ. ಖಾಲಿಯಾದ ಬ್ಯಾಟರಿ ವಾರಗಟ್ಟಲೆ ಹಾಗೇ ಕೂತರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಜೂನ್‌ನಲ್ಲಿ ಎಷ್ಟು ಚಾರ್ಜ್ ಮಾಡಿದರೂ ಅದು ಮೊದಲಿನಂತೆ ಹಿಡಿಯುವುದಿಲ್ಲ. ರಜೆಗೆ ಮೊದಲು ಪೂರ್ತಿ ಚಾರ್ಜ್ ಮಾಡಿ, ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ, ಬ್ಯಾಟರಿಯ ತಂತಿ ಬಿಚ್ಚಿಡಬೇಕು. ರಜೆಯ ನಡುವೆ ಊರಿನಲ್ಲೇ ಇರುವ ಯಾರಾದರೂ ಒಮ್ಮೆ ಬಂದು ಒಂದು ದಿನ ಚಾರ್ಜ್‌ಗೆ ಹಾಕಬೇಕು. ಇಷ್ಟು ಮಾಡಿದರೆ ಹೊಸ ಬ್ಯಾಟರಿಯ ದುಡ್ಡು ಉಳಿಯುತ್ತದೆ.

ಕೆಟ್ಟಿದೆ ಅಂತ ಮೂಲೆಗೆ ಸೇರಿದ ಕಂಪ್ಯೂಟರ್‌ಗಳಲ್ಲಿ ಎಷ್ಟೋ ನಿಜವಾಗಿ ಕೆಟ್ಟಿರುವುದಿಲ್ಲ. ಆನ್ ಮಾಡಿದರೆ ಬೀಪ್ ಬೀಪ್ ಅನ್ನುತ್ತದೆ, ಪರದೆ ಕಪ್ಪಗೇ ಇರುತ್ತದೆ. ಹೆಚ್ಚಾಗಿ ಅದು ಕಂಪ್ಯೂಟರಿನ ನೆನಪಿನ ಪಟ್ಟಿಯಾದ ರ‍್ಯಾಮ್‌ನ ತೊಂದರೆ. ಧೂಳು, ಮಳೆಗಾಲದ ತೇವ ಸೇರಿ ರ‍್ಯಾಮ್ ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಪೊರೆ ಕಟ್ಟಿರುತ್ತದೆ. ಪ್ಲಗ್ ತೆಗೆದು, ಪೆಟ್ಟಿಗೆ ಬಿಚ್ಚಿ, ಆ ಪಟ್ಟಿಯನ್ನು ಹೊರಗೆ ತೆಗೆದು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಹಲ್ಲುಗಳನ್ನು ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಊದಿ, ಕ್ಲಿಕ್ ಅನ್ನುವ ತನಕ ಒತ್ತಿ ಕೂರಿಸಿದರೆ ಬಹಳಷ್ಟು ಸಲ ಎದ್ದು ಕೂರುತ್ತದೆ. ಎಲ್ಲ ಪೇಟೆಯ ರಿಪೇರಿ ಅಂಗಡಿಯಲ್ಲೂ ಮೊದಲು ಮಾಡುವುದು ಇದನ್ನೇ.

ಇನ್ನೊಂದು ಸಮಸ್ಯೆ ಇದಕ್ಕಿಂತ ಗೊಂದಲ ಹುಟ್ಟಿಸುವಂಥದ್ದು. ಇಂಟರ್ನೆಟ್ ಇದೆ, ಆದರೆ ಯಾವ ವೆಬ್‌ಸೈಟ್ ತೆರೆದರೂ 'ಸಂಪರ್ಕ ಸುರಕ್ಷಿತವಲ್ಲ' ಅನ್ನುತ್ತದೆ. ಮೇಷ್ಟ್ರು ವೈರಸ್ ಅಂದುಕೊಳ್ಳುತ್ತಾರೆ. ಪರದೆಯ ಮೂಲೆಯಲ್ಲಿರುವ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನದ್ದು ಇರುತ್ತದೆ. ಮದರ್‌ಬೋರ್ಡ್ ಮೇಲೆ ನಾಣ್ಯದಂಥ ಒಂದು ಸಣ್ಣ ಸೆಲ್ ಇದೆ. ಕರೆಂಟ್ ಇಲ್ಲದಾಗಲೂ ಗಡಿಯಾರ ನಡೆಸುವುದು ಅದರ ಕೆಲಸ. ಅದು ಮುಗಿದರೆ ತಾರೀಖು ಹಿಂದಕ್ಕೆ ಹೋಗುತ್ತದೆ. ವೆಬ್‌ಸೈಟ್‌ನ ಭದ್ರತಾ ಪ್ರಮಾಣಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಹಳೆಯ ತಾರೀಖಿಗೆ ಆ ಪತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ, ಹಾಗಾಗಿ ಕಂಪ್ಯೂಟರ್ ಒಪ್ಪುವುದಿಲ್ಲ. ಗಡಿಯಾರದ ಅಂಗಡಿಯಲ್ಲಿ ಸಿಗುವ ಸಿಆರ್2032 ಸೆಲ್ ಹಾಕಿ ತಾರೀಖು ಸರಿಮಾಡಿದರೆ ಮುಗಿಯಿತು. ಇಷ್ಟಕ್ಕೆ ತಾಲ್ಲೂಕು ಕೇಂದ್ರದಿಂದ ಮೆಕ್ಯಾನಿಕ್ ಬರಲಿ ಅಂತ ತಿಂಗಳುಗಟ್ಟಲೆ ಕಾಯುವ ಶಾಲೆಗಳಿವೆ. ಆ ತಿಂಗಳುಗಳೆಲ್ಲ ಮಕ್ಕಳ ಲೆಕ್ಕದಿಂದಲೇ ಕಳೆದುಹೋಗುತ್ತವೆ.

ಇಂಥ ಹತ್ತು ಹನ್ನೆರಡು ರಿಪೇರಿಗಳನ್ನು ಒಂಬತ್ತನೇ ತರಗತಿಯ ಮಕ್ಕಳೇ ಕಲಿಯಬಹುದು. ಇದು ಸುಮ್ನೆ ಹೇಳುವ ಮಾತಲ್ಲ. ಪಕ್ಕದ ಕೇರಳದಲ್ಲಿ ಮಾಡಿ ತೋರಿಸಿದ್ದಾರೆ.

ಕೇರಳದಲ್ಲಿ ಏನಾಯಿತು

ಕೇರಳದ 'ಐಟಿ ಅಟ್ ಸ್ಕೂಲ್' ಶುರುವಾಗಿದ್ದು 2001ರಲ್ಲಿ, ನಮ್ಮ ಮಾಹಿತಿ ಸಿಂಧುವಿನ ಹೊತ್ತಿಗೇ. ಅವರು ಹಿಡಿದ ದಾರಿ ಬೇರೆ. ಹೊರಗಿನ ಬೋಧಕರನ್ನು ತರುವ ಬದಲು ಶಾಲೆಯಲ್ಲಿ ಇರುವ ಮೇಷ್ಟ್ರು, ಟೀಚರ್‌ಗಳಿಗೇ ತರಬೇತಿ ಕೊಟ್ಟರು. ಪ್ರತಿ ಶಾಲೆಯಲ್ಲಿ ಒಬ್ಬ ಶಿಕ್ಷಕರನ್ನು ಐಟಿ ಸಂಯೋಜಕರಾಗಿ ಮಾಡಿದರು. ಐಟಿಯನ್ನು ಪಾಠದ ವಿಷಯವಾಗಿ ಸೇರಿಸಿ ಎಸ್‌ಎಸ್‌ಎಲ್‌ಸಿಯಲ್ಲಿ ಪ್ರಾಯೋಗಿಕ ಪರೀಕ್ಷೆ ಇಟ್ಟರು. ಪರೀಕ್ಷೆ ಇದೆ ಅಂದಮೇಲೆ ಲ್ಯಾಬ್‌ಗೆ ಬೀಗ ಹಾಕಿ ಕೂರುವುದಕ್ಕೆ ಆಗುವುದಿಲ್ಲ! ವೇಳಾಪಟ್ಟಿಯಲ್ಲಿ ಆ ಪೀರಿಯಡ್‌ಗೆ ಒಂದು ಗೌರವ ಬಂತು.

ಕೆಲವೇ ವರ್ಷಗಳಲ್ಲಿ ಅವರು ಪೂರ್ತಿಯಾಗಿ, ವಿಂಡೋಸ್‌ನ ಬದಲು ಬಳಸುವ ಲಿನಕ್ಸ್ ಮತ್ತು ಇತರ ಸ್ವತಂತ್ರ ಸಾಫ್ಟ್‌ವೇರ್‌ಗೆ ಬಂದರು. ಲೈಸೆನ್ಸ್ ದುಡ್ಡು ಉಳಿಯಿತು ಅನ್ನುವುದು ಒಂದು. ಅದಕ್ಕಿಂತ ಮುಖ್ಯವಾದದ್ದು, ಸಿಸ್ಟಮ್ ಕೆಟ್ಟರೆ ಯಾರ ಅನುಮತಿಯೂ ಬೇಡ. ಪೆನ್‌ಡ್ರೈವ್ ಚುಚ್ಚಿ ಮೇಷ್ಟ್ರೇ ಮತ್ತೆ ಇನ್‌ಸ್ಟಾಲ್ ಮಾಡಿಕೊಳ್ಳಬಹುದು. ಕೆಟ್ಟ ಕಂಪ್ಯೂಟರ್‌ಗಳನ್ನು ಒಂದೆಡೆ ತಂದು ಸೇರಿಸಿ ರಿಪೇರಿ ಮಾಡುವ 'ಹಾರ್ಡ್‌ವೇರ್ ಕ್ಲಿನಿಕ್'ಗಳನ್ನು ನಡೆಸಿದರು. 2017ರಲ್ಲಿ ಈ ಯೋಜನೆ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಯಿತು. 2018ರಲ್ಲಿ ಮಕ್ಕಳದ್ದೇ 'ಲಿಟಲ್ ಕೈಟ್ಸ್' ಘಟಕಗಳು ಹುಟ್ಟಿದವು. ಹಾರ್ಡ್‌ವೇರ್, ಅನಿಮೇಷನ್, ಮಲಯಾಳಂ ಟೈಪಿಂಗ್, ಪ್ರೋಗ್ರಾಮಿಂಗ್ ಎಲ್ಲ ಮಕ್ಕಳೇ ಕಲಿತು ಶಾಲೆಯ ಉಪಕರಣಗಳನ್ನು ನೋಡಿಕೊಳ್ಳುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಅದೇ ಐಟಿ ಪಾಠ ಕನ್ನಡದಲ್ಲಿ ಸಿಗುತ್ತದೆ ಅನ್ನುವುದು ನಮಗೆ ಖುಷಿಯ ಸಂಗತಿ.

ಕರ್ನಾಟಕದಲ್ಲೂ ಒಳ್ಳೆಯ ಕೆಲಸ ಆಗಿದೆ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಕರ ತರಬೇತಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಡಿಎಸ್‌ಇಆರ್‌ಟಿ ಜೊತೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯಲ್ಲಿ ಗಣಿತ, ವಿಜ್ಞಾನ, ಸಮಾಜದ ಶಿಕ್ಷಕರು ತಮ್ಮ ವಿಷಯದ ಮೂಲಕವೇ ಕಂಪ್ಯೂಟರ್ ಕಲಿತರು. ಆಮೇಲೆ ಬಂದ 'ಟಾಲ್ಪ್' ಯೋಜನೆಯೂ ಸರ್ಕಾರಿ ಶಿಕ್ಷಕರಿಗೇ ತರಬೇತಿ ಕೊಡುವ ದಾರಿ ಹಿಡಿಯಿತು. ನಾನು ಇದನ್ನು ಸರಿಯಾದ ದಾರಿ ಅನ್ನುತ್ತೇನೆ. ಒಂದು ಎಚ್ಚರ ಬೇಕು. ಶಾಲೆಯಲ್ಲಿ ಒಬ್ಬರಿಗೆ ಮಾತ್ರ ಕಲಿಸಿದರೆ ವರ್ಗಾವಣೆ ಬಂದ ದಿನ ಮತ್ತೆ ಮೊದಲಿನ ಕಥೆ. ಕನಿಷ್ಠ ಇಬ್ಬರು ಶಿಕ್ಷಕರು, ಜೊತೆಗೆ ನಾಲ್ಕೈದು ಮಕ್ಕಳು ಕಲಿತಿರಬೇಕು.

ಮೌಸ್ ಯಾರ ಕೈಯಲ್ಲಿ

ಎಂಟು ನಿಮಿಷ ಅನ್ನುವುದು ಸರಾಸರಿ. ಲ್ಯಾಬ್ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ. ನಾಲ್ಕು ಮಕ್ಕಳ ಗುಂಪಿನಲ್ಲಿ ಜೋರಿರುವ ಒಬ್ಬ ಹುಡುಗ ಮೌಸ್ ಹಿಡಿದಿರುತ್ತಾನೆ. ಇನ್ನೊಬ್ಬ ಕೀಬೋರ್ಡ್ ಒತ್ತುತ್ತಾನೆ. ಇಬ್ಬರು ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ, ಅದನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳುತ್ತಾರೆ. ಲಿಖಿತ ಪರೀಕ್ಷೆಯಲ್ಲಿ ಅವರಿಗೇ ಜಾಸ್ತಿ ಅಂಕ ಬಂದರೂ ಬರಬಹುದು. ಆದರೆ ನೋಡಿ ಸೈಕಲ್ ಕಲಿತವರು ಯಾರೂ ಇಲ್ಲ.

ಇದಕ್ಕೆ ದುಡ್ಡು ಬೇಡ, ಬಾರಿಸುವ ಒಂದು ಗಂಟೆ ಇದ್ದರೆ ಸಾಕು. ಎಂಟು ನಿಮಿಷಕ್ಕೊಮ್ಮೆ ಬಾರಿಸಬೇಕು, ಬಾರಿಸಿದ ತಕ್ಷಣ ಕುರ್ಚಿ ಬದಲಾಗಬೇಕು. ಕೂತವರ ಕೈ ಮಾತ್ರ ಮೌಸ್ ಮೇಲೆ, ಉಳಿದವರು ಬಾಯಲ್ಲಿ ಹೇಳಬಹುದು. ಮೊದಲ ಕೆಲವು ವಾರ ಹುಡುಗಿಯರ ಗುಂಪನ್ನೇ ಬೇರೆ ಮಾಡಿದರೆ ಇನ್ನೂ ಒಳ್ಳೆಯದು. ಒಮ್ಮೆ ಕೈ ಪಳಗಿದರೆ ಆಮೇಲೆ ಯಾರೂ ಬಿಟ್ಟುಕೊಡುವುದಿಲ್ಲ.

ಇಡೀ ತರಗತಿಯನ್ನು ಒಟ್ಟಿಗೆ ತರಲೇಬೇಕು ಅಂತೇನೂ ಇಲ್ಲ. ಅರ್ಧ ತರಗತಿ ಲ್ಯಾಬ್‌ನಲ್ಲಿ, ಅರ್ಧ ಗ್ರಂಥಾಲಯದಲ್ಲಿ ಕೂತರೆ ಒಂದು ಕಂಪ್ಯೂಟರ್‌ಗೆ ಇಬ್ಬರೇ. ಬೆಳಗಿನ ಪ್ರಾರ್ಥನೆಗೆ ಮೊದಲು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಲ್ಯಾಬ್ ತೆರೆದಿಟ್ಟರೆ ದಿನಕ್ಕೆ ಮುಕ್ಕಾಲು ಗಂಟೆ ಪುಕ್ಕಟೆ ಸಿಕ್ಕಂತೆ. ಹಳೆಯ ಕಂಪ್ಯೂಟರ್ ಆನ್ ಆಗುವುದಕ್ಕೇ ನಾಲ್ಕೈದು ನಿಮಿಷ ತಿನ್ನುತ್ತಿದ್ದರೆ ಅದರ ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಬೇಕು. ಹೊಸ ಕಂಪ್ಯೂಟರ್‌ನ ಬೆಲೆಯ ಸಣ್ಣ ಪಾಲಿನಲ್ಲಿ ಅದು ಒಂದು ನಿಮಿಷದೊಳಗೆ ತಯಾರಾಗುತ್ತದೆ.

ಕನ್ನಡದಲ್ಲಿ, ಇಂಟರ್ನೆಟ್ ಇಲ್ಲದೆಯೂ

ಲ್ಯಾಬ್ ಪಾಠ ಅಂದರೆ ಇಂಗ್ಲಿಷಿನಲ್ಲಿ ಕಂಪ್ಯೂಟರಿನ ಭಾಗಗಳ ಹೆಸರು ಬಾಯಿಪಾಠ ಮಾಡಿಸುವುದು ಅಂತ ಎಷ್ಟೋ ಕಡೆ ಆಗಿಬಿಟ್ಟಿದೆ. ಕನ್ನಡ ಟೈಪಿಂಗ್‌ನಿಂದ ಶುರು ಮಾಡಿ ನೋಡಿ. ಕೆ.ಪಿ. ರಾವ್ ರೂಪಿಸಿದ ಕೀಬೋರ್ಡ್ ವಿನ್ಯಾಸವನ್ನೇ ಕನ್ನಡ ಗಣಕ ಪರಿಷತ್ತಿನ 'ನುಡಿ' ಸಾಫ್ಟ್‌ವೇರ್ ಬಳಸುತ್ತದೆ. ಲಿನಕ್ಸ್‌ನಲ್ಲಿ ಅದು 'ಕಗಪ' ಅನ್ನುವ ಹೆಸರಿನಲ್ಲಿ ಮೊದಲೇ ಇರುತ್ತದೆ. 'ಅಮ್ಮ' ಅಂತ ಬರೆಯಲು ಕೀಬೋರ್ಡಿನ ಇಂಗ್ಲಿಷ್ ಎ ಒತ್ತಿದರೆ ಅ, ಎಂ ಒತ್ತಿದರೆ ಮ, ಎಫ್ ಒತ್ತಿದರೆ ಮ ಹೋಗಿ ಮ್ ಆಗುತ್ತದೆ, ಮತ್ತೆ ಎಂ ಒತ್ತಿದರೆ ಒತ್ತಕ್ಷರ ತಾನಾಗಿ ಕೆಳಗೆ ಕೂರುತ್ತದೆ. ಒತ್ತಕ್ಷರದಲ್ಲಿ ತಪ್ಪುವ ಮಗುವಿಗೆ ಯಾವ ಅಕ್ಷರ ಅರ್ಧ, ಯಾವುದು ಪೂರ್ತಿ ಅನ್ನುವುದು ಬೆರಳ ತುದಿಯಲ್ಲೇ ಗೊತ್ತಾಗುತ್ತದೆ. ಕಂಪ್ಯೂಟರ್ ಪಾಠವೂ ಆಯಿತು, ಕನ್ನಡ ಪಾಠವೂ ಆಯಿತು. ಮೊಬೈಲ್, ಕಂಪ್ಯೂಟರ್ ಎಲ್ಲದರಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಬೇಕು ಅನ್ನುವುದನ್ನು ಮರೆಯಬಾರದು. ಹಳೆಯ ಫಾಂಟ್‌ಗಳಲ್ಲಿ ಬರೆದದ್ದನ್ನು ಮೊಬೈಲ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ.

ಗಣಿತಕ್ಕೆ ಜಿಯೋಜಿಬ್ರಾ ಅನ್ನುವ ಸಾಫ್ಟ್‌ವೇರ್ ಇದೆ. ತ್ರಿಭುಜ ಬಿಡಿಸಿ, ಮೂರು ಕೋನಗಳ ಅಳತೆ ಪಕ್ಕದಲ್ಲಿ ಕಾಣುವಂತೆ ಮಾಡಿ, ಒಂದು ಮೂಲೆಯನ್ನು ಹಿಡಿದು ಎಳೆಯಿರಿ ಅನ್ನಿ. ಕೋನಗಳು ಹೇಗೆ ಬದಲಾದರೂ ಮೊತ್ತ 180ರಲ್ಲೇ ನಿಂತಿರುತ್ತದೆ. ಕರಿಹಲಗೆಯ ಮೇಲೆ ಇದನ್ನು ತೋರಿಸುವುದಕ್ಕೆ ಆಗುವುದಿಲ್ಲ. ವಿಜ್ಞಾನಕ್ಕೆ ಪರದೆಯ ಮೇಲೇ ಮಾಡುವ ಫೆಟ್ ಪ್ರಯೋಗಗಳು ಇವೆ, ಕನ್ನಡದಲ್ಲೂ ಸಿಗುತ್ತವೆ. ಎಕ್ಸೆಲ್‌ನಂಥ ಹಾಳೆ ಕಲಿಸುವುದಕ್ಕೆ ಊರಿನ ಮಳೆಯ ಲೆಕ್ಕಕ್ಕಿಂತ ಒಳ್ಳೆಯ ಪಾಠ ಬೇಕಾ? ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇರುವ ರಾಜ್ಯ ನಮ್ಮದು. ದಿನಕ್ಕೆ ಒಂದು ಅಂಕಿ ತುಂಬಿಸುತ್ತಾ ಹೋದರೆ ಮುಂಗಾರು ಮುಗಿಯುವ ಹೊತ್ತಿಗೆ ಮಕ್ಕಳೇ ನಕ್ಷೆ ಎಳೆಯುತ್ತಾರೆ. ಮೊಬೈಲ್ ಎಲ್ಲರ ಮನೆಯಲ್ಲೂ ಇದೆಯಲ್ಲ, ಕಂಪ್ಯೂಟರ್ ಯಾಕೆ ಅಂತ ಕೇಳುವವರಿಗೆ ನನ್ನ ಉತ್ತರ ಇಂಥ ಪಾಠಗಳೇ. ಮೊಬೈಲ್‌ನಲ್ಲಿ ಮಕ್ಕಳು ಹೆಚ್ಚಾಗಿ ನೋಡುತ್ತಾರೆ. ಇಲ್ಲಿ ಏನನ್ನಾದರೂ ಮಾಡುತ್ತಾರೆ.

ಇದಕ್ಕೆಲ್ಲ ಇಂಟರ್ನೆಟ್ ಬೇಕೇ ಬೇಕು ಅನ್ನುವುದು ತಪ್ಪು. ಸರ್ಕಾರದ ಭಾರತ್‌ನೆಟ್ ಇಂಟರ್ನೆಟ್ ಕೇಬಲ್ ಪಂಚಾಯಿತಿ ಕಚೇರಿಗೆ ಬಂದಿರುತ್ತದೆ, ಅಲ್ಲಿಂದ ಶಾಲೆಗೆ ಬರುವುದೇ ಕಷ್ಟ. ಅಲ್ಲಿಯವರೆಗೆ ಕಾಯಬೇಕಿಲ್ಲ. ಕಿವಿಕ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಕನ್ನಡ ವಿಕಿಪೀಡಿಯವನ್ನು ಇಡಿಯಾಗಿ ಇಳಿಸಿ ಪೆನ್‌ಡ್ರೈವ್‌ನಲ್ಲಿ ತರಬಹುದು. ಕೊಲಿಬ್ರಿ ಅನ್ನುವುದನ್ನು ಒಂದು ಕಂಪ್ಯೂಟರ್‌ಗೆ ಹಾಕಿದರೆ ಉಳಿದವೆಲ್ಲ ವೈಫೈ ಮೂಲಕ ಅದರಿಂದಲೇ ಪಾಠ, ವಿಡಿಯೊ ಪಡೆಯುತ್ತವೆ. ಹೊರಗಿನ ಸಂಪರ್ಕ ಬೇಡವೇ ಬೇಡ. ಹತ್ತು ಕಂಪ್ಯೂಟರ್ ಒಂದೇ ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋತುಬಿದ್ದು ಗಿರಗಿರ ತಿರುಗುವ ಚಕ್ರ ನೋಡುತ್ತಾ ಪೀರಿಯಡ್ ಮುಗಿಸುವುದಕ್ಕಿಂತ ಇದು ಎಷ್ಟೋ ವಾಸಿ.

ಊರಿನ ಶಾಲೆಗೆ ಕೊಡಬೇಕು ಅಂದುಕೊಂಡವರಿಗೆ

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಕೆಲಸದಲ್ಲಿರುವ ಹಳೆ ವಿದ್ಯಾರ್ಥಿಗಳು ಈಗ ಜಾಸ್ತಿ ಮುಂದೆ ಬರುತ್ತಿದ್ದಾರೆ. ಕಂಪನಿ ತೆಗೆದುಹಾಕುವ ಲ್ಯಾಪ್‌ಟಾಪ್‌ಗಳನ್ನು ಶಾಲೆಗೆ ಕೊಡಿಸುತ್ತಾರೆ. ಇದಕ್ಕೆ ಈಗ ಒಳ್ಳೆಯ ಸಮಯ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಲ್ಲಿಸಿದೆ. ವಿಂಡೋಸ್ 11 ಒಪ್ಪದ ಎಷ್ಟೋ ಗಟ್ಟಿ ಲ್ಯಾಪ್‌ಟಾಪ್‌ಗಳು ಹೊರಗೆ ಬೀಳುತ್ತಿವೆ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಲಿನಕ್ಸ್ ಹಾಕಿ ಅವನ್ನು ಇನ್ನೂ ಐದು ವರ್ಷ ಓಡಿಸಬಹುದು. ಓಡದ್ದನ್ನು ಮಾತ್ರ ಕೊಡಬೇಡಿ. ಇ-ತ್ಯಾಜ್ಯ ವಿಲೇವಾರಿ ಮಾಡುವ ತಾಪತ್ರಯ ಶಾಲೆಯ ಮೇಲೆ ಬೀಳುತ್ತದೆ, ದಾಸ್ತಾನು ವಹಿಯಿಂದ ಅದು ಇಳಿಯುವುದೇ ಇಲ್ಲ.

ನಿಮ್ಮ ಹತ್ತಿರ ಇರುವ ದುಡ್ಡನ್ನೆಲ್ಲ ಮೊದಲ ವರ್ಷವೇ ಕಂಪ್ಯೂಟರ್‌ಗೆ ಹಾಕಬೇಡಿ. ಅರ್ಧ ಎತ್ತಿಡಿ. ಮೂರನೇ ವರ್ಷಕ್ಕೆ ಬ್ಯಾಟರಿ ಬೇಕಾಗುತ್ತದೆ. ಪ್ರತಿ ವರ್ಷ ನಾಲ್ಕೈದು ಮೌಸ್, ಎರಡು ಚಾರ್ಜರ್ ಹೋಗುತ್ತವೆ. ಇಲಿ ಕಡಿದ ವೈರ್ ಬದಲಾಯಿಸಬೇಕಾಗುತ್ತದೆ. ಶಾಲೆಯ ಅನುದಾನದಲ್ಲಿ ಕರೆಂಟ್ ಬಿಲ್ ಕಟ್ಟುವುದೇ ಕಷ್ಟವಾಗಿರುವಾಗ ಇದಕ್ಕೆ ದುಡ್ಡು ಹುಟ್ಟುವುದಿಲ್ಲ. ಊರಿನಲ್ಲೇ ಇರುವ ಡಿಪ್ಲೊಮಾ ಓದಿದ ಹುಡುಗಿಯೊಬ್ಬಳಿಗೋ ಹುಡುಗನೊಬ್ಬನಿಗೋ ತಿಂಗಳಿಗಿಷ್ಟು ಅಂತ ಕೊಟ್ಟು ದಿನಕ್ಕೆ ಎರಡು ಗಂಟೆ ಲ್ಯಾಬ್ ತೆರೆಸಿ ಕೂರಿಸಿದರೆ, ಐದು ಹೊಸ ಕಂಪ್ಯೂಟರ್ ಕೊಡುವುದಕ್ಕಿಂತ ಜಾಸ್ತಿ ನಿಮಿಷ ಮಕ್ಕಳ ಕೈಗೆ ಸೇರುತ್ತದೆ.

ಕೊಟ್ಟ ಮೇಲೆ ಫೋಟೊ ಕೇಳಬೇಡಿ. ಪ್ರತಿ ಕಂಪ್ಯೂಟರ್ ಪಕ್ಕದಲ್ಲಿ ದಾರ ಕಟ್ಟಿದ ಒಂದು ನೋಟ್‌ಬುಕ್ ಇಡಿಸಿ. ಕೂತ ಮಗು ತನ್ನ ಹೆಸರು, ತರಗತಿ, ಕೂತ ಹೊತ್ತು, ಎದ್ದ ಹೊತ್ತು ಬರೆಯಲಿ. ಏನಾದರೂ ಕೆಟ್ಟಿದ್ದರೆ ಅದನ್ನೂ ಅದರಲ್ಲೇ ಬರೆಯಲಿ. ತಿಂಗಳಿಗೊಮ್ಮೆ ಒಂಬತ್ತನೇ ತರಗತಿಯ ಮಕ್ಕಳೇ ಅದನ್ನು ಕಂಪ್ಯೂಟರಿನ ಹಾಳೆಗೆ ಏರಿಸಿ, ತರಗತಿವಾರು, ಹುಡುಗ ಹುಡುಗಿ ಅಂತ ಬೇರೆ ಬೇರೆಯಾಗಿ ಕೂಡಿ, ನಿಮಗೆ ಕಳಿಸಲಿ. ಯಾವ ಕಂಪ್ಯೂಟರ್ ಎರಡು ವಾರದಿಂದ ಖಾಲಿ ಇದೆ, ಯಾವ ತರಗತಿಯ ಹುಡುಗಿಯರ ಹೆಸರೇ ಇಲ್ಲ ಅನ್ನುವುದು ಆ ಹಾಳೆಯಲ್ಲಿ ಕಾಣುತ್ತದೆ. ಮುಂದಿನ ಸಲ ಊರಿಗೆ ಹೋದಾಗ ಮುಖ್ಯಶಿಕ್ಷಕರ ಜೊತೆ ಕೂತು ಮಾತಾಡುವುದಕ್ಕೆ ಅದೇ ಸಾಕು.